ಕಾವಲಿರುವವರು ಯಾರಿಗೆ ಹೊಣೆ?

ಮಾನಸಿಕ ಆರೋಗ್ಯಕ್ಕೆಂದು ಮೀಸಲಾದ ಹಣ ನಿಜವಾಗಿ ರೋಗಿಯನ್ನು ತಲುಪಿತೇ ಎಂದು ನೋಡುವ ಹೊಣೆ ಯಾರದು? ಅಮೆರಿಕದ ಕ್ಯಾಲಿಫೋರ್ನಿಯ ರಾಜ್ಯ ಈ ಪ್ರಶ್ನೆಗೆ ಉತ್ತರಿಸಲು ಯತ್ನಿಸಿದೆ. 2004ರಲ್ಲಿ ಅಲ್ಲಿನ ಮತದಾರರು ಹತ್ತು ಲಕ್ಷ ಡಾಲರು ಮೀರಿದ ವೈಯಕ್ತಿಕ ಆದಾಯದ ಮೇಲೆ ಶೇಕಡಾ 1ರಷ್ಟು ಹೆಚ್ಚುವರಿ ತೆರಿಗೆಗೆ ಒಪ್ಪಿಗೆಯಿತ್ತರು; ಅದರ ವಿನಿಯೋಗದ ಮೇಲ್ವಿಚಾರಣೆಗೆ ಆಯೋಗವೊಂದು ರಚನೆಯಾಯಿತು. 2024ರ ಮತದಾನದ ಫಲವಾಗಿ ಅದರ ಸದಸ್ಯಬಲ 16ರಿಂದ 27ಕ್ಕೇರಿತು. ಮಾದಕ ವ್ಯಸನದ ಚಿಕಿತ್ಸೆಯೂ ಅದರ ವ್ಯಾಪ್ತಿಗೆ ಬಂದಿತು.

ಈ ವ್ಯವಸ್ಥೆಯ ಹಿರಿಮೆ ಸಂಖ್ಯೆಯಲ್ಲಿಲ್ಲ. ತಜ್ಞರು, ಜನಪ್ರತಿನಿಧಿಗಳೊಡನೆ ಮನೋರೋಗವನ್ನು ಸ್ವತಃ ಅನುಭವಿಸಿದವರೂ ಅವರ ಕುಟುಂಬದವರೂ ಅಲ್ಲಿ ಸದಸ್ಯರು. ನಿತ್ಯದ ಆಡಳಿತ ನಡೆಸುವ ಕಾರ್ಯನಿರ್ವಾಹಕ ನಿರ್ದೇಶಕರನ್ನು ನೇಮಿಸುವುದು ಈ ಆಯೋಗವೇ. ಅಂದರೆ ಕಡತ ಬಲ್ಲ ಅಧಿಕಾರಿಯು ನೋವು ಬಲ್ಲವರಿಗೂ ಉತ್ತರ ಹೇಳಬೇಕು. ರೋಗದ ಕುರಿತಾದ ಅರಿವು ಬೇರೆ, ರೋಗದೊಡನೆ ಬಾಳಿದ ಅರಿವು ಬೇರೆ. ಒಂದು ಇನ್ನೊಂದರ ಸ್ಥಾನವನ್ನು ತುಂಬಲಾರದು.

ಪ್ರಿಯ ಓದುಗರೇ, ನಮ್ಮ 2017ರ ಮಾನಸಿಕ ಆರೋಗ್ಯ ಆರೈಕೆ ಕಾಯಿದೆಯೂ ರಾಜ್ಯ ಪ್ರಾಧಿಕಾರದಲ್ಲಿ ರೋಗಾನುಭವಿಗಳ ಹಾಗೂ ಆರೈಕೆದಾರರ ಪ್ರತಿನಿಧಿಗಳಿಗೆ ತಲಾ 2 ಸ್ಥಾನ ನೀಡಿದೆ. ಆದರೆ ಮನೆಯ ಕಾಯಿಲೆಯನ್ನು ಮಾನಕ್ಕಂಜಿ ಬಚ್ಚಿಡುವ ಕುಟುಂಬಗಳಿಂದ ಆ ಪೀಠಕ್ಕೆ ಬರುವವರಾರು? ಕಾನೂನು ಕುರ್ಚಿಯನ್ನು ಇರಿಸಬಲ್ಲದು; ಅದರಲ್ಲಿ ಕುಳಿತು ಮಾತನಾಡುವ ಧೈರ್ಯ ನಮ್ಮ ಮನೆಗಳಲ್ಲಿಯೇ ಹುಟ್ಟಬೇಕು.