ಗದಗಿನ ಗವಲಿ, ಇಟಲಿಯ ಪುಟ್ಟ ಕಿವಿ

ಮಕ್ಕಳೇ, ಮನೆಮಂದಿಯೆಲ್ಲ ಹೊರಗೆ ಊಟಕ್ಕೆ ಹೋದಾಗ ನಿಮ್ಮ ಅಜ್ಜಿಯೋ ತಾತನೋ "ನನಗೆ ಹಸಿವಿಲ್ಲ, ನೀವು ತಿನ್ನಿ" ಎನ್ನುವುದನ್ನು ಕೇಳಿದ್ದೀರಾ? ಹಾಗೆ ಹೇಳುವವರಿಗೆಲ್ಲ ಹೊಟ್ಟೆ ತುಂಬಿರುತ್ತದೆ ಎಂದು ತಿಳಿಯಬೇಡಿ. ತಟ್ಟೆಯಲ್ಲಿ ಏನು ಹಾಕಿದ್ದಾರೋ ಎಂಬ ಅಂಜಿಕೆ ಕೆಲವರಿಗೆ. ಕೇಳಿದರೆ ಏನಂದುಕೊಳ್ಳುತ್ತಾರೋ ಎಂಬ ಸಂಕೋಚ ಇನ್ನು ಕೆಲವರಿಗೆ. ನನ್ನ ವಾರಿಗೆಯ ಓದುಗರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

ನಮ್ಮ ಗದಗಿನ ಅತ್ತಿಗೆಗೆ ಎರಡೂ ಇತ್ತು. ಹುಟ್ಟಿದಾಗಿನಿಂದ ಮಾಂಸ, ಮೊಟ್ಟೆ ಮುಟ್ಟದವರು. ಹೋದ ವರ್ಷ ಒಂದು ಸಮಾರಂಭದಲ್ಲಿ "ಪ್ಯೂರ್ ವೆಜ್" ಎಂದು ಕೈಗಿತ್ತ ಕೇಕನ್ನು ತಿಂದಿದ್ದರು. ಅದರಲ್ಲಿ ಮೊಟ್ಟೆಯಿತ್ತೆಂದು ಆಮೇಲೆ ತಿಳಿಯಿತು. ಎರಡು ದಿನ ಅನ್ನ ಮುಟ್ಟಲಿಲ್ಲ, ಯಾರನ್ನೂ ಬೈಯಲಿಲ್ಲ. ಆದರೆ ಅಂದಿನಿಂದ ಮನೆಯಾಚೆ ಎಲ್ಲಿಗೆ ಕರೆದರೂ ಒಂದೇ ಮಾತು: "ನನಗ ಹಸಿವಿಲ್ಲವಾ, ನೀವು ಉಣ್ಣರಿ."

ಈ ವರ್ಷ ಅವರಿಗೆ 75 ತುಂಬಿತು. ಬೆಂಗಳೂರಿಗೆ ಬಂದಿದ್ದರು. ನನ್ನ ಮಗ ಪ್ರೀತಿಯಿಂದ ದೊಡ್ಡ ಹೋಟೆಲೊಂದರ ಇಟಾಲಿಯನ್ ರೆಸ್ಟೋರೆಂಟಿನಲ್ಲಿ ಐದು ಜನರಿಗೆ ಮೇಜು ಕಾದಿರಿಸಿದ. ಅತ್ತಿಗೆ ಬರಲು ಒಪ್ಪಿದರು, ಆದರೆ ಮನೆಯಿಂದ ಹೊರಡುವಾಗಲೇ ಎರಡು ಚಪಾತಿ ತಿಂದುಬಿಟ್ಟರು! ಅದನ್ನು ಕಂಡ ನಮ್ಮ ಮೊಮ್ಮಗಳಿಗೆ ಬೇಸರವಾಯಿತು. ಅವಳು ಏಳನೆಯ ತರಗತಿ. "ಅಜ್ಜಿ, ಅವರ ಹುಟ್ಟುಹಬ್ಬಕ್ಕೆ ಅವರೇ ಉಪವಾಸ ಕೂರೋದಾ?" ಎಂದಳು. ನಾನು ಹೈಸ್ಕೂಲಿನಲ್ಲಿ ವಿಜ್ಞಾನ ಹೇಳಿಕೊಟ್ಟವಳು. ಇಬ್ಬರೂ ಕೂತು ಒಂದು ಚೀಟಿಯಲ್ಲಿ ನಾಲ್ಕು ಪ್ರಶ್ನೆ ಬರೆದೆವು. ಅವನ್ನು ನಿಮಗೂ ಹೇಳುತ್ತೇನೆ.

ಒಂದು, ಹಿಟ್ಟಿನಲ್ಲಿ ಮೊಟ್ಟೆ ಇದೆಯೇ? ಇಟಲಿಯ ದಕ್ಷಿಣದಲ್ಲಿ ಪಾಸ್ತಾ ಎಂದರೆ ಗಟ್ಟಿ ಗೋಧಿಯ ರವೆ ಮತ್ತು ನೀರು, ಅಷ್ಟೇ. ಉತ್ತರದ ಬೊಲೊನ್ಯಾ ಕಡೆ ತಾಜಾ ಪಾಸ್ತಾಕ್ಕೆ ಮೈದಾದಂಥ ನಯವಾದ ಹಿಟ್ಟನ್ನು ಮೊಟ್ಟೆ ಹಾಕಿ ನಾದುತ್ತಾರೆ. ನೋಡಲು ಎರಡೂ ಹಳದಿಯೇ.

ಎರಡು, ಚೀಸ್ ಯಾವುದು? ನಾವು ಹಾಲು ಒಡೆಯಲು ನಿಂಬೆರಸ ಹಿಂಡುತ್ತೇವೆ, ಪನೀರ್ ಆಗುತ್ತದೆ. ಇಟಲಿಯ ಹೆಸರಾಂತ ಪಾರ್ಮಿಜಾನೊ ರೆಜ್ಜಾನೊ ಚೀಸಿಗೆ ಹಾಲನ್ನು ಗಟ್ಟಿ ಮಾಡುವುದು ರೆನೆಟ್. ಅದು ಎಳೆಗರುವಿನ ಹೊಟ್ಟೆಯಿಂದ ತೆಗೆದ ಕಿಣ್ವ. ಸುಮಾರು 40 ಕಿಲೋ ತೂಗುವ ಒಂದೊಂದು ಚಕ್ರವನ್ನು ಕಡಿಮೆಯೆಂದರೂ 12 ತಿಂಗಳು ಮಾಗಿಸುತ್ತಾರೆ. ಹಾಲಿನದೇ ಆದರೂ ಕಟ್ಟುನಿಟ್ಟಿನ ಸಸ್ಯಾಹಾರಿಗಳಿಗೆ ಅದು ಒಗ್ಗದು. ಶಿಲೀಂಧ್ರದಿಂದ ತೆಗೆದ ಕಿಣ್ವ ಬಳಸಿ ಮಾಡುವ ಚೀಸುಗಳೂ ಇವೆ. ನಮ್ಮ ದೇಶದಲ್ಲಿ ಪೊಟ್ಟಣದ ಮೇಲಿನ ಹಸಿರು ಚುಕ್ಕೆ ನೋಡಿ ತಿಳಿಯಬಹುದು.

ಮೂರು, ಸೂಪಿಗೆ, ಅನ್ನದಿಂದ ಮಾಡುವ ರಿಸೊಟ್ಟೊಗೆ ಹಾಕುವ ಸಾರಿನ ನೀರು ತರಕಾರಿಯದೋ ಕೋಳಿಯದೋ?

ನಾಲ್ಕು, ಸಿಹಿಯಲ್ಲಿ ಜೆಲಟಿನ್ ಅಥವಾ ಮೊಟ್ಟೆ ಇದೆಯೇ? ಪನ್ನಾ ಕೊಟ್ಟಾ ಎಂಬ ಸಿಹಿ ಹಾಲುಬಾಯಿಯ ಹಾಗೆ ಬೆಳ್ಳಗೆ, ನಡುಗುತ್ತಾ ಇರುತ್ತದೆ. ಅದು ಹಾಗೆ ನಿಲ್ಲುವುದು ಪ್ರಾಣಿಗಳ ಮೂಳೆ, ಚರ್ಮದಿಂದ ಬರುವ ಜೆಲಟಿನ್‌ನಿಂದ. ಕಾಫಿಯ ಘಮದ ತಿರಾಮಿಸುವಿನಲ್ಲಿ ಹಸಿ ಮೊಟ್ಟೆಯಿರುತ್ತದೆ.

ಒಳಗೆ ಹೋದೆವು. ಮಂದ ಬೆಳಕು, ಬಿಳಿ ಮೇಜುಬಟ್ಟೆ, ತಟ್ಟೆಯ ಎರಡೂ ಬದಿ ಚಮಚ, ಫೋರ್ಕುಗಳ ಸಾಲು. ಮೊದಲು ಬಂದ ಪ್ರಶ್ನೆ ನೀರಿನದು: "ಬಾಟಲ್ ವಾಟರಾ, ರೆಗ್ಯುಲರ್ರಾ?" ಮೆನುವಿನಲ್ಲಿ ಬಾಟಲಿಯ ಬೆಲೆ ನೋಡಿದ್ದ ಅತ್ತಿಗೆ "ಸಾದಾ ನೀರ ಕೊಡಪ್ಪಾ" ಎಂದರು. ಹುಡುಗ ನಗುತ್ತಲೇ ತಂದ. ಸಾದಾ ನೀರು ಕೇಳಿದರೆ ಯಾರ ಗೌರವವೂ ಕಡಿಮೆಯಾಗುವುದಿಲ್ಲ.

ಊಟದ ಮಾತು ಬಂದಾಗ ಅತ್ತಿಗೆ ತಮ್ಮ ಎಂದಿನ ಮಾತು ಹೇಳಿದರು. ಬಡಿಸುವ ಹುಡುಗ "ಇವೆಲ್ಲ ವೆಜ್ಜೇ ಮೇಡಂ, ಧೈರ್ಯವಾಗಿ ತಗೊಳ್ಳಿ" ಎಂದು ಮೆನುವಿನ ಒಂದು ಪುಟ ತೋರಿಸಿದ. ಆಗ ಮೊಮ್ಮಗಳು ಚೀಟಿ ತೆಗೆದಳು. ದನಿ ಸ್ವಲ್ಪ ನಡುಗುತ್ತಿತ್ತು. ಪಕ್ಕದ ಮೇಜಿನವರು ತಿರುಗಿ ನೋಡಿದರು. ಆದರೂ ನಾಲ್ಕೂ ಪ್ರಶ್ನೆ ಕೇಳಿದಳು. ಹುಡುಗ ಒಂದು ಗಳಿಗೆ ಸುಮ್ಮನಾದ. "ನನಗೆ ಪೂರ್ತಿ ಗೊತ್ತಿಲ್ಲ, ಕೇಳಿಕೊಂಡು ಬರ್ತೀನಿ" ಎಂದು ಒಳಗೆ ಹೋದ. ನನಗೆ ಆ ಮಾತು ಬಹಳ ಹಿಡಿಸಿತು. ಗೊತ್ತಿಲ್ಲ ಎನ್ನುವುದೂ ಪ್ರಾಮಾಣಿಕತೆಯೇ ಅಲ್ಲವೇ?

ಸ್ವಲ್ಪ ಹೊತ್ತಿಗೆ ಅಡುಗೆಯವನೇ ಬಂದ. ಗಢವಾಲದ ಕಡೆಯ ತರುಣ, ಹಿಂದಿ ಮಾತು. ಕೈಯಲ್ಲಿ ಚೀಸಿನ ಪೊಟ್ಟಣ! ಹಸಿರು ಚುಕ್ಕೆಯನ್ನು ಮೊಮ್ಮಗಳಿಗೆ ತೋರಿಸಿದ. ಒಂದೊಂದಾಗಿ ಹೇಳಿದ: "ತಾಲ್ಯಾತೆಲ್ಲೆ ಬೇಡ, ಹಿಟ್ಟಿನಲ್ಲಿ ಮೊಟ್ಟೆ ಇದೆ. ಒರೆಕ್ಯೆತ್ತೆ ತಗೊಳ್ಳಿ, ಬರೀ ರವೆ, ನೀರು. ಇಟಲಿಯಲ್ಲಿ ಸೊಪ್ಪಿನ ಜೊತೆ ಪುಟ್ಟ ಉಪ್ಪುಮೀನು ಹಾಕ್ತಾರೆ. ನಿಮಗೆ ಬ್ರೊಕೊಲಿ, ಬೆಳ್ಳುಳ್ಳಿ ಹಾಕಿ ಬೇರೆ ಬಾಣಲೆಯಲ್ಲಿ ಮಾಡ್ತೀನಿ. ಸಿಹಿಗೆ ಪನ್ನಾ ಕೊಟ್ಟಾ, ತಿರಾಮಿಸು ಎರಡೂ ಬೇಡ. ನಿಂಬೆಹಣ್ಣಿನ ಸೊರ್ಬೆ ಕೊಡ್ತೀನಿ, ಅದರಲ್ಲಿ ನಿಂಬೆ, ಸಕ್ಕರೆ, ನೀರು ಮಾತ್ರ." ಮೊಮ್ಮಗಳು ಅಷ್ಟನ್ನೂ ಕನ್ನಡದಲ್ಲಿ ಹೇಳಿದಳು. ಅತ್ತಿಗೆ ಅಡುಗೆಯವನ ಮುಖವನ್ನೇ ನೋಡುತ್ತಿದ್ದರು. ಕೊನೆಗೆ, "ಖರೇ ಹೇಳತಾನ ಅನಸತೈತಿ. ತರಲಿ" ಎಂದರು.

ಒರೆಕ್ಯೆತ್ತೆ ಎಂದರೆ ಪುಟ್ಟ ಕಿವಿಗಳು. ಇಟಲಿಯಲ್ಲಿ ಪಾಸ್ತಾಕ್ಕೆ ಇಡುವ ಹೆಸರುಗಳೇ ತಮಾಷೆ: ಸ್ಪಾಗೆತ್ತಿ ಎಂದರೆ ಸಣ್ಣ ದಾರ, ಫಾರ್ಫಾಲ್ಲೆ ಎಂದರೆ ಚಿಟ್ಟೆಗಳು, ಲಿಂಗ್ವಿನೆ ಎಂದರೆ ಪುಟ್ಟ ನಾಲಿಗೆಗಳು. ನಮ್ಮ ಶಾವಿಗೆ ಪೊಟ್ಟಣದ ಮೇಲೆ ವರ್ಮಿಸೆಲ್ಲಿ ಎಂದು ಬರೆದಿರುತ್ತಾರಲ್ಲ, ಅದರ ಅರ್ಥ ಸಣ್ಣ ಹುಳುಗಳು! ಊಟ ಮಾಡುವಾಗ ಇದನ್ನು ತಮ್ಮನಿಗೆ ಹೇಳಬೇಡಿ.

ತಟ್ಟೆ ಬಂತು. ಅತ್ತಿಗೆ ಒಂದು ಕಿವಿಯನ್ನು ಬಾಯಿಗಿಟ್ಟು ಅಗಿದರು. "ಇನ್ನೊಂದು ಕುದಿ ಬೇಕಾಗಿತ್ತವಾ" ಎಂದರು. ಇಟಲಿಯವರು ಬೇಕೆಂದೇ ಹಾಗೆ ಬೇಯಿಸುತ್ತಾರೆ. ಅದಕ್ಕೆ "ಅಲ್ ದೆಂತೆ" ಎನ್ನುತ್ತಾರೆ, ಅಂದರೆ ಹಲ್ಲಿಗೆ ಸಿಗಬೇಕು. ಒಣ ಪಾಸ್ತಾವನ್ನು ಗಟ್ಟಿ ಗೋಧಿಯಿಂದಲೇ ಮಾಡಬೇಕೆಂದು ಇಟಲಿಯಲ್ಲಿ 1967ರಲ್ಲಿ ಕಾನೂನೇ ಬಂದಿದೆ. ನಾವು ಉಪ್ಪಿಟ್ಟಿಗೆ ತರುವ ಬನ್ಸಿ ರವೆಯೂ ಅದೇ ಜಾತಿಯ ಗೋಧಿಯದು. ಹಾಗೆಂದು ಹೇಳಿದಾಗ ಅತ್ತಿಗೆ ಇನ್ನೊಂದು ತುಂಡನ್ನು ಬೆರಳಲ್ಲಿ ಹಿಡಿದು ತಿರುಗಿಸಿ ನೋಡಿದರು.

"ಇದನ್ನ ಕೈಲೆ ಮಾಡ್ಯಾರೇನು?"

ಹೌದು. ಇಟಲಿಯ ಬಾರಿ ಪಟ್ಟಣದ ಹಳೆಯ ಓಣಿಗಳಲ್ಲಿ ಹೆಂಗಸರು ಮನೆಯ ಮುಂದೆ ಹಲಗೆ ಇಟ್ಟುಕೊಂಡು, ಹಿಟ್ಟನ್ನು ಹುರಿ ಮಾಡಿ, ತುಂಡರಿಸಿ, ಮೊಂಡು ಚಾಕುವಿನಿಂದ ಎಳೆದು, ಹೆಬ್ಬೆರಳ ಮೇಲೆ ಮಗುಚುತ್ತಾರೆ. ಆಗ ಕಿವಿಯ ಆಕಾರ ಬರುತ್ತದೆ.

"ಹಂಗಾರ ನಮ್ಮ ಗವಲಿ ಇದ್ದಂಗ!" ಎಂದರು ಅತ್ತಿಗೆ. ಅವರ ದನಿ ಅಂದು ಮೊದಲ ಸಲ ಮೇಲೆದ್ದಿತು. ನಮ್ಮ ಉತ್ತರ ಕರ್ನಾಟಕದ ಮನೆಗಳಲ್ಲಿ ಬೇಸಿಗೆ ಬಂತೆಂದರೆ ಶಾವಿಗೆ, ಗವಲಿ, ಪರಡಿ, ಬಟವಿ ಮಾಡುವ ಸಂಭ್ರಮ. ನಾಲ್ಕು ಮನೆಯ ಹೆಂಗಸರು ಒಂದು ಪಡಸಾಲೆಯಲ್ಲಿ ಸೇರುತ್ತಿದ್ದರು. ಕೈ ಹಿಟ್ಟಿನಲ್ಲಿ, ಬಾಯಿ ಹಾಡಿನಲ್ಲಿ. ಒಣಗಿಸಿ ಡಬ್ಬಿ ತುಂಬಿಟ್ಟರೆ ವರ್ಷವಿಡೀ ಹಬ್ಬಕ್ಕೆ ಪಾಯಸ.

ಮೊಮ್ಮಗಳು ಇದನ್ನು ಅಡುಗೆಯವನಿಗೆ ಹೇಳಿದಳು. ಆತ ಒಳಗಿನಿಂದ ನಿಂಬೆಗಾತ್ರದ ಹಿಟ್ಟಿನ ಉಂಡೆ ತಂದು, "ತೋರಿಸಿ ಮಾತಾಜಿ" ಎಂದ. ಅತ್ತಿಗೆ ಕೈ ಒರೆಸಿಕೊಂಡರು. ಎರಡು ಬೆರಳ ನಡುವೆ ಹಿಟ್ಟು ಹಿಡಿದು ಹೊಸೆದರು. ಭತ್ತದ ಕಾಳಿನಂಥ ಗವಲಿಗಳು ಪಟಪಟನೆ ತಟ್ಟೆಗೆ ಉದುರಿದವು, ಒಂದೇ ಅಳತೆ, ತುದಿ ಚೂಪು. "ಅರೆ, ಇದು ಓರ್ಜೋ!" ಎಂದ ಆತ. ಓರ್ಜೋ ಎಂದರೆ ಬಾರ್ಲಿ ಕಾಳು. ಆ ಆಕಾರದ ಪಾಸ್ತಾವನ್ನು ಇಟಲಿಯವರು ಸೂಪಿಗೆ ಹಾಕುತ್ತಾರೆ. ಆತನೂ ಒಂದೆರಡು ಹೊಸೆಯಲು ನೋಡಿದ, ದಪ್ಪಗಾದವು. ಅತ್ತಿಗೆ, "ಬರತೈತಿ ತಮ್ಮಾ, ನನಗೂ ಒಂದು ಬ್ಯಾಸಗಿ ಹಿಡದಿತ್ತು" ಎಂದು ಸಮಾಧಾನ ಹೇಳಿದರು.

ಆ ರಾತ್ರಿ ಅವರು ತಟ್ಟೆ ಖಾಲಿ ಮಾಡಿದರು. ಉಳಿದ ಎಣ್ಣೆ ಬೆಳ್ಳುಳ್ಳಿಯನ್ನು ಬ್ರೆಡ್ಡಿನ ತುಂಡಿನಿಂದ ಒರೆಸಿಯೂ ತಿಂದರು. ಮೊಮ್ಮಗಳು ಸುತ್ತ ನೋಡಿದಳು. ನಾನು ಹೇಳಿದೆ: ಇಟಲಿಯ ಮನೆಗಳಲ್ಲಿಯೂ ಹೀಗೇ ಮಾಡುತ್ತಾರೆ, ಅದಕ್ಕೆ "ಸ್ಕಾರ್ಪೆತ್ತಾ" ಎಂಬ ಹೆಸರೂ ಇದೆ, ಪುಟ್ಟ ಬೂಟು ಎಂದರ್ಥ.

ಈಗ ಎರಡು ಮಾತು. ನನ್ನ ವಾರಿಗೆಯವರೇ, ನೀವು ಜೀವನವಿಡೀ ಕಾಯ್ದುಕೊಂಡು ಬಂದ ನೇಮ ನಿಮ್ಮದು. ಅದರ ಬಗ್ಗೆ ಕೇಳುವುದು ಹಳ್ಳಿತನವಲ್ಲ. ದುಡ್ಡು ಕೊಟ್ಟು ಉಣ್ಣುವವರಿಗೆ ತಟ್ಟೆಯಲ್ಲಿ ಏನಿದೆ ಎಂದು ತಿಳಿಯುವ ಹಕ್ಕಿದೆ. ಸಕ್ಕರೆ ಕಾಯಿಲೆ, ರಕ್ತದೊತ್ತಡ ಇರುವವರೂ ಹೀಗೆಯೇ ಕೇಳಬೇಕು. ಮಕ್ಕಳೇ, ನಿಮ್ಮ ಮಾತು: ಕಡಲೆಕಾಯಿ ಒಗ್ಗದ ಗೆಳೆಯನಿರಲಿ, ಮೊಟ್ಟೆ ತಿನ್ನದ ಅಜ್ಜಿಯಿರಲಿ, ಅವರ ಪರವಾಗಿ ನೀವು ಕೇಳಿ. "ವೆಜ್ಜಾ?" ಎಂದಷ್ಟೇ ಕೇಳಬೇಡಿ, ಇಂಥದ್ದು ಇದೆಯೇ ಎಂದು ಹೆಸರು ಹಿಡಿದು ಕೇಳಿ. ಮೆಲ್ಲಗೆ, ನಗುಮುಖದಿಂದ ಕೇಳಿ. ಉತ್ತರ ಸಿಕ್ಕಮೇಲೆ ಥ್ಯಾಂಕ್ಸ್ ಹೇಳಲು ಮರೆಯಬೇಡಿ.

ಈ ವಾರದ ಕೆಲಸ: ನಿಮ್ಮ ಮನೆಯ ಅಜ್ಜಿಯನ್ನೋ ಪಕ್ಕದ ಮನೆಯ ಅಜ್ಜಿಯನ್ನೋ ಕೇಳಿ, ನಿಮ್ಮ ಊರಿನಲ್ಲಿ ಹಿಟ್ಟಿನಿಂದ ಹೊಸೆದು, ಒತ್ತಿ ಮಾಡುತ್ತಿದ್ದ ತಿನಿಸುಗಳ ಹೆಸರು ಬರೆಯಿರಿ. ಪಕ್ಕದಲ್ಲಿ ಆಕಾರದ ಚಿತ್ರವಿರಲಿ. ಸಾಧ್ಯವಾದರೆ ಒಂದು ಹಿಡಿ ಹಿಟ್ಟು ಕಲಸಿಕೊಂಡು ಅವರ ಪಕ್ಕದಲ್ಲಿ ಕೂತು ಕಲಿಯಿರಿ. ಮೊದಲ ದಿನ ದಪ್ಪಗಾದರೆ ಚಿಂತೆಯಿಲ್ಲ, ಪಾಯಸಕ್ಕೆ ಹಾಕಿದರೆ ಅದೂ ಬೇಯುತ್ತದೆ.