ನಮ್ಮ ಏರಿಯಾ ಲೆಕ್ಕ – 6: ಬೀದಿಗೇ ಬರೋ ಮಾರ್ಕೆಟ್

ನಿಮ್ಮನೇಲಿ ಈ ವಾರ ಎಷ್ಟು ಸಲ ಸೊಪ್ಪು ಮಾಡಿದ್ರು? ತಕ್ಷಣ ನೆನಪಾಗ್ಲಿಲ್ಲ ಅಂದ್ರೆ ಈ ಪೋಸ್ಟ್ ನಿಮಗೇ. ಉದ್ದ ಇದೆ, ಸೇವ್ ಮಾಡ್ಕೊಂಡು ಬಸ್ಸಲ್ಲಿ ಓದಿ.

ನಾವಿರೋದು ಬಸವೇಶ್ವರನಗರ. ಎರಡನೇ ಮಹಡಿ, ಲಿಫ್ಟ್ ಇಲ್ಲ. ಅಜ್ಜಿಗೆ ಮಂಡಿನೋವು, ಜೊತೆಗೆ ಶುಗರ್. ಡಾಕ್ಟರ್ ಹತ್ರ ಹೋಗೋ ದಿನ ಬಿಟ್ರೆ ಅವರು ಕೆಳಗಿಳಿಯಲ್ಲ. ಆದ್ರೂ ಮನೆಗೆ ತರಕಾರಿ ಕೊಳ್ಳೋದು ಅವರೇ. ಬೆಳಿಗ್ಗೆ ಎಂಟೂವರೆಗೆ ತಳ್ಳುಗಾಡಿ ಅಣ್ಣ ಬಂದು ಕೂಗಿದ ತಕ್ಷಣ ಅಜ್ಜಿ ಬಾಲ್ಕನಿಯಿಂದ ಹಗ್ಗ ಕಟ್ಟಿದ ಬುಟ್ಟಿ ಇಳಿಸ್ತಾರೆ.

"ದಂಟು ಎಳೇದೇನಪ್ಪಾ?"
"ಎಳೇದೇ ಅಮ್ಮ. ಮೆಂತ್ಯನೂ ಇದೆ ನೋಡಿ."

ದುಡ್ಡು ಕೆಳಗೆ ಹೋಗುತ್ತೆ, ಸೊಪ್ಪು ಮೇಲೆ ಬರುತ್ತೆ. ಕರಿಬೇವಿಗೆ ಕಾಸಿಲ್ಲ.

ಹೋದ ತಿಂಗಳು ಹನ್ನೆರಡು ದಿನ ಅಣ್ಣ ಬರ್ಲಿಲ್ಲ. ನಿಜ ಹೇಳ್ಬೇಕಂದ್ರೆ ನಾನು ಗಮನಿಸ್ಲೇ ಇಲ್ಲ. ನನಗೆ ಬೇಕಾದ್ದು ಫೋನಲ್ಲಿ ಬರುತ್ತೆ. ಒಂದು ರಾತ್ರಿ ನೋಡಿದ್ರೆ ಅಜ್ಜಿ ತಟ್ಟೇಲಿ ಬರೀ ಅನ್ನ, ತಿಳಿಸಾರು, ಉಪ್ಪಿನಕಾಯಿ. ಶುಗರ್ ಇರೋರ ಊಟ ಅದು. "ಗಾಡಿ ಬರ್ತಿಲ್ಲ ಕಣೇ. ನೀವೆಲ್ಲ ಓಡಾಟದಲ್ಲಿರ್ತೀರ, ಇದನ್ನೇನು ಹೇಳೋದು ಅಂತ ಸುಮ್ಮನಾದೆ" ಅಂದ್ರು.

"ನೀನೇ ತಂದುಕೊಡಬಹುದಿತ್ತಲ್ಲ" ಅಂತ ಕಾಮೆಂಟ್ ಹಾಕ್ತೀರ. ಹೌದು, ತಪ್ಪು ನಂದೂ ಇದೆ. ಆದ್ರೆ ಬೀದಿಯಲ್ಲಿ ಎಷ್ಟು ಅಜ್ಜಿಯರಿದ್ದಾರೆ ಅಂತ ಎಣಿಸಿ. ಎಲ್ಲರ ಮನೇಲೂ ಮೊಮ್ಮಕ್ಕಳಿರಲ್ಲ.

ಅಣ್ಣ ವಾಪಸ್ ಬಂದಾಗ ಕೇಳಿದೆ. ಮೇನ್ ರೋಡಲ್ಲಿ ನಿಂತಿದ್ದಾಗ ಗಾಡಿ, ತಕ್ಕಡಿ ಎರಡನ್ನೂ ಎತ್ಕೊಂಡು ಹೋದ್ರಂತೆ. ಬಿಡಿಸ್ಕೊಳ್ಳೋ ಹೊತ್ತಿಗೆ ಹನ್ನೆರಡು ದಿನ. ಟೊಮೆಟೊ, ಬೀನ್ಸ್ ಎಲ್ಲಾ ಕೊಳೆತು ಹೋಗಿತ್ತು.

ಶಿಕಾಗೋದಲ್ಲಿ ಹತ್ತಿರದಲ್ಲಿ ಒಳ್ಳೇ ತರಕಾರಿ ಅಂಗಡಿ ಇಲ್ಲದ ಏರಿಯಾಗಳಿಗೆ ಹಳೇ ಸಿಟಿ ಬಸ್ಸುಗಳನ್ನೇ ತರಕಾರಿ ಅಂಗಡಿ ಮಾಡಿ ಓಡಿಸಿದ್ರು. ನಮ್ಮಲ್ಲೂ 2020ರ ಲಾಕ್‌ಡೌನಲ್ಲಿ ಹಾಪ್‌ಕಾಮ್ಸ್ ವ್ಯಾನುಗಳು ಬಡಾವಣೆಗಳಿಗೆ ಬಂದ್ವು. 1959ರಲ್ಲಿ ಶುರುವಾದ ರೈತರ ಸಹಕಾರ ಸಂಘ ಅದು, ಒಳ್ಳೇ ಕೆಲಸ ಮಾಡ್ತು. ಆದ್ರೆ ವ್ಯಾನ್ ಓಡಬೇಕು ಅಂದ್ರೆ ಡೀಸೆಲ್, ಡ್ರೈವರ್, ಸಂಬಳ ಎಲ್ಲಾ ಬೇಕು. ತಳ್ಳುಗಾಡಿಗೆ ಇದ್ಯಾವುದೂ ಬೇಡ, ಸರ್ಕಾರ ಒಂದು ರೂಪಾಯಿನೂ ಹಾಕಬೇಕಿಲ್ಲ. ಅದನ್ನ ನಿಲ್ಲಿಸದೇ ಇದ್ರೆ ಸಾಕು. ನನ್ನ ವಾದ ಇಷ್ಟೇ: ಆರೋಗ್ಯದ ಊಟ ಮನೆಬಾಗಿಲಿಗೆ ಬರಬೇಕು ಅಂದ್ರೆ ಹೊಸ ಸ್ಕೀಮ್‌ಗಿಂತ ಮೊದಲು ಇರೋ ಗಾಡಿಯನ್ನ ಉಳಿಸ್ಕೊಳ್ಳಿ.

ಕಾನೂನು ಆಗ್ಲೇ ಇದೆ ಗೊತ್ತಾ? 2014ರ ಬೀದಿ ವ್ಯಾಪಾರಿಗಳ ಕಾಯ್ದೆ. ಒಂದೇ ಕಡೆ ಕೂತು ಮಾರೋರು, ಓಡಾಡ್ತಾ ಮಾರೋರು ಇಬ್ಬರಿಗೂ ಅದರಲ್ಲಿ ಪ್ರಮಾಣಪತ್ರ ಇದೆ. ಐದು ವರ್ಷಕ್ಕೊಮ್ಮೆಯಾದ್ರೂ ಸರ್ವೆ ಆಗಬೇಕು. ಸರ್ವೆ ಮುಗಿದು ಎಲ್ಲರಿಗೂ ಪ್ರಮಾಣಪತ್ರ ಸಿಗೋವರೆಗೂ ಯಾರನ್ನೂ ಎತ್ತಂಗಡಿ ಮಾಡೋ ಹಾಗಿಲ್ಲ. ಸಾಮಾನು ವಶಕ್ಕೆ ತಗೊಂಡ್ರೆ ಸಹಿ ಹಾಕಿದ ಪಟ್ಟಿ ಕೊಡಬೇಕು. ವ್ಯಾಪಾರಿ ಹೋಗಿ ಕೇಳಿದ್ರೆ ಕೊಳೆಯೋ ಮಾಲನ್ನ ಅದೇ ದಿನ, ಉಳಿದದ್ದನ್ನ ಎರಡು ಕೆಲಸದ ದಿನದೊಳಗೆ ವಾಪಸ್ ಕೊಡಬೇಕು. ಅಣ್ಣನಿಗೆ ಪಟ್ಟಿ ಅನ್ನೋದು ಒಂದಿದೆ ಅಂತಾನೇ ಗೊತ್ತಿರಲಿಲ್ಲ.

ಈಗ ಬಿಕಾಂ ಲೆಕ್ಕ. ಅಣ್ಣ ಬೆಳಗಿನ ಜಾವ ಕೆ.ಆರ್. ಮಾರ್ಕೆಟ್‌ಗೆ ಹೋಗೋ ಮುಂಚೆ ಕೈಸಾಲ ತಗೋತಾರೆ. 2,700 ಕೈಗೆ ಬರುತ್ತೆ, ಸಂಜೆ 3,000 ಕಟ್ಟಬೇಕು. ದಿನಕ್ಕೆ 300. ತಿಂಗಳಿಗೆ 26 ದಿನ ವ್ಯಾಪಾರ ಅಂದ್ರೂ 7,800 ರೂಪಾಯಿ ಬರೀ ಬಡ್ಡಿ! ವರ್ಕಿಂಗ್ ಕ್ಯಾಪಿಟಲ್ ಅಂತ ಕ್ಲಾಸಲ್ಲಿ ಎಷ್ಟು ಸಲ ಬರೆದಿದ್ದೀನಿ, ಅದು ಇಷ್ಟು ದುಬಾರಿ ಅಂತ ಗೊತ್ತಾಗಿದ್ದು ಗಾಡಿ ಮುಂದೆ ನಿಂತಾಗ. ಆ 7,800 ಕೊನೆಗೆ ಸೇರೋದು ನಮ್ಮ ಬೀನ್ಸ್ ರೇಟಿಗೇ.

ಇದಕ್ಕೇ ಅಂತ 2020ರಲ್ಲಿ ಪಿಎಂ ಸ್ವನಿಧಿ ಬಂತು. ಅಡಮಾನ ಬೇಡ, ಮೊದಲ ಸಾಲ 10,000 ಅಂತ ಶುರುವಾಯ್ತು, ಸರಿಯಾಗಿ ಕಟ್ಟಿದ್ರೆ ಮುಂದಿನದು ಜಾಸ್ತಿ. ಆದ್ರೆ ಅದಕ್ಕೆ ಬೀದಿ ವ್ಯಾಪಾರಿ ಅನ್ನೋ ಕಾಗದ ಬೇಕು. ಅಣ್ಣನ ಹತ್ರ ಇರೋದು ಬರೀ ತಕ್ಕಡಿ.

ಇನ್ನೊಂದು ಕಡೆ ವಾದವೂ ಇದೆ, ತಳ್ಳಿಹಾಕಲ್ಲ. ಗಾಡಿಗಳು ಸಾಲಾಗಿ ನಿಂತ್ರೆ ಟ್ರಾಫಿಕ್ ಜಾಮ್ ಆಗುತ್ತೆ. ಫುಟ್‌ಪಾತ್ ಇಲ್ಲದೆ ರೋಡಿಗಿಳಿದು ನಡೆಯೋರಲ್ಲಿ ನಾನೂ ಒಬ್ಬಳು. ಅದಕ್ಕೆ ಉತ್ತರ ಅಂತ 2024ರಲ್ಲಿ ವಿಜಯನಗರದಲ್ಲಿ ಎಸಿ ಪಾಲಿಕೆ ಬಜಾರ್ ಬಂತು. ಮೆಟ್ರೋ ಇಳಿದು ಬರೋರಿಗೆ ಚೆನ್ನಾಗಿದೆ. ಆದ್ರೆ ಕಟ್ಟಡ ಎಷ್ಟೇ ಚೆನ್ನಾಗಿದ್ರೂ ಅದು ನಮ್ಮಜ್ಜಿ ಬಾಲ್ಕನಿ ಕೆಳಗೆ ಬರಲ್ಲ. ಎರಡೂ ಬೇಕು.

ಆ್ಯಪ್ ಸಾಕಲ್ವಾ? ನನಗೆ ಸಾಕು. ಆದ್ರೆ ಹತ್ತು ರೂಪಾಯಿ ಸೊಪ್ಪು ಮಾತ್ರ ಬೇಕಾದೋರಿಗೆ ಡೆಲಿವರಿ ಚಾರ್ಜ್ ಸೇರಿಸಿದ್ರೆ ಸೊಪ್ಪಿಗಿಂತ ಅದೇ ಜಾಸ್ತಿ. ದಿನಕ್ಕೆ 400 ಗ್ರಾಂ ಹಣ್ಣು-ತರಕಾರಿ ತಿನ್ನಿ ಅಂತ ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತೆ. ಅಜ್ಜಿಗೆ ಆ 400 ಗ್ರಾಂ ಬರೋದು ಬುಟ್ಟಿಯಲ್ಲೇ.

ಈಗ ನಮ್ಮ ಕಡೆಗೆ ಪಶ್ಚಿಮ ನಗರ ಪಾಲಿಕೆ ಅಂತ ಹೊಸದಾಗಿ ಆಗಿದೆಯಲ್ಲ, ಅವರಿಗೆ ನನ್ನ ಬೇಡಿಕೆ ಮೂರು. ಓಡಾಡೋ ಗಾಡಿಗಳಿಗೆ ಪ್ರಮಾಣಪತ್ರ ಕೊಡಿ. ಮೇನ್ ರೋಡ್ ಬಿಟ್ಟು ಕ್ರಾಸ್‌ಗಳಲ್ಲಿ ಬೆಳಿಗ್ಗೆ, ಸಂಜೆ ಇಷ್ಟು ಹೊತ್ತು ಅಂತ ಸಮಯ ಗೊತ್ತು ಮಾಡಿ. ಸಾಮಾನು ಹಿಡಿದ್ರೆ ಪಟ್ಟಿ ಕೊಡಿ.

ನಿಮಗೆ ಒಂದೇ ಕೆಲಸ. ನಾಳೆ ಬೆಳಿಗ್ಗೆ ನಿಮ್ಮ ಬೀದಿ ಗಾಡಿಯವರ ಹತ್ರ ಒಂದು ಕಟ್ಟು ಸೊಪ್ಪು ತಗೊಳ್ಳಿ, ಚೌಕಾಸಿ ಮಾಡ್ಬೇಡಿ. "ಕಾರ್ಡ್ ಇದೆಯಾ ಅಣ್ಣ?" ಅಂತ ಕೇಳಿ. ಏನಂದ್ರು ಅಂತ ಕೆಳಗೆ ಬರೀರಿ. ರಾಜಾಜಿನಗರ, ಕೆಂಗೇರಿ ಕಡೆಯವರೂ ಬರೀರಿ, ಒಟ್ಟು ಮಾಡಿ ಮುಂದಿನ ಭಾಗದಲ್ಲಿ ಹಾಕ್ತೀನಿ.

ಇವತ್ತು ನಮ್ಮನೇಲಿ ದಂಟಿನ ಸೊಪ್ಪಿನ ಹುಳಿ. ಅಣ್ಣನ ಅರ್ಜಿ ನಾನು ತುಂಬ್ತಿದ್ದೀನಿ, ಫೋಟೋ ಒಂದು ಬಾಕಿ ಇದೆ.

#ನಮ್ಮಏರಿಯಾಲೆಕ್ಕ #ತಳ್ಳುಗಾಡಿ #ಬಸವೇಶ್ವರನಗರ