ಆಟಗಾರನ ಮುಖಕ್ಕೆ ಕವಚ ಬೇಡವೆ?

ರೋಣ ತಾಲ್ಲೂಕಿನ ಬೆಳವಣಕಿಯ ಸುತ್ತಣ ನೆಲ ಎರೆಯ ನೆಲ. ಮಳೆಗಾಲದಲ್ಲಿ ಕಾಲಿಗೆ ಅಂಟಿ ಬಿಡದ ಈ ಕರಿಮಣ್ಣು ಬೇಸಗೆಯಲ್ಲಿ ಒಣಗಿ ಬಿರಿಯುತ್ತದೆ. ಹಿಂಗಾರಿ ಸುಗ್ಗಿ ಮುಗಿದು ಬರಿದಾದ ಹೊಲವೇ ಇಂಥ ಊರುಗಳ ಹುಡುಗರಿಗೆ ಆಟದ ಬಯಲು. ಅಲ್ಲಿ ಒಂದು ಗಟ್ಟಿ ಚೆಂಡನ್ನು ಜೋರಾಗಿ ನೆಲಕ್ಕೆ ಬಡಿದು ನೋಡಿರಿ. ಬಿರುಕಿನ ಅಂಚಿಗೆ ತಗಲಿದ ಚೆಂಡು ಎತ್ತ ಚಿಮ್ಮುವುದೆಂಬುದನ್ನು ಯಾವ ಗಣಿತಜ್ಞನೂ ಮುಂದಾಗಿ ಹೇಳಲಾರ. ವಿಕೆಟಿನ ಹಿಂದೆ ಕುಕ್ಕರಗಾಲಿನಲ್ಲಿ ಕುಳಿತ ಹುಡುಗನ ಮುಖವಾದರೋ ಚೆಂಡಿನ ದಾರಿಯಲ್ಲಿಯೇ ಇರುತ್ತದೆ. ಆ ಮುಖದ ಮೇಲೆ ಸಾಮಾನ್ಯವಾಗಿ ಏನೂ ಇರುವುದಿಲ್ಲ. ದೊಡ್ಡ ನಗರಗಳ ಕೃತಕ ಹುಲ್ಲಿನ ಮೈದಾನದಲ್ಲಿ ಚೆಂಡು ಸರಳರೇಖೆ ಎಳೆದಂತೆ ಬರುತ್ತದೆ, ಅಲ್ಲಿನ ಗೋಲ್‌ಕೀಪರನಿಗೆ ಅಡಿಯಿಂದ ಮುಡಿಯವರೆಗೆ ಕವಚವಿರುತ್ತದೆ. ನೆಲ ನಂಬಿಗೆಗೆ ಅರ್ಹವಾದಲ್ಲಿ ರಕ್ಷಣೆಯೂ ಉಂಟು. ನೆಲವೇ ಮೋಸ ಮಾಡುವಲ್ಲಿ ರಕ್ಷಣೆಯೂ ಇಲ್ಲ. ಇದು ತಲೆಕೆಳಗಾದ ಏರ್ಪಾಡಲ್ಲವೆ?

ಈ ವಿಷಯದಲ್ಲಿ ನಮಗೆ ಪಾಠ ಹೇಳಬಲ್ಲ ಆಟವೊಂದುಂಟು. ಅದು ನಮ್ಮ ಕಡೆಯ ವಿದ್ಯಾರ್ಥಿಗಳು ಬಹುಶಃ ಕಣ್ಣಾರೆ ಕಂಡಿರದ ಐಸ್ ಹಾಕಿ. ನಮ್ಮ ದೇಶದಲ್ಲಿ ಲಡಾಖಿನ ಹೆಪ್ಪುಗಟ್ಟಿದ ಕೊಳಗಳ ಮೇಲೆ ಇದನ್ನು ಆಡುತ್ತಾರೆ. ಇದರ ತೌರು ಕೆನಡಾ. ಕಾಲಿಗೆ ಉಕ್ಕಿನ ಅಲಗುಳ್ಳ ಪಾದರಕ್ಷೆ, ಕೈಯಲ್ಲಿ ಕೋಲು, ಚೆಂಡಿಗೆ ಬದಲು ಪಕ್ ಎಂಬ ಗಟ್ಟಿ ರಬ್ಬರಿನ ಬಿಲ್ಲೆ. ಒಂದು ಸ್ವಾರಸ್ಯವನ್ನು ಗಮನಿಸಿರಿ: ಪಕ್ಕಿನ ತೂಕ 156ರಿಂದ 170 ಗ್ರಾಂ, ನಮ್ಮ ಹಾಕಿ ಚೆಂಡಿನದು 156ರಿಂದ 163, ಕ್ರಿಕೆಟ್ ಚೆಂಡಿನದೂ ಹೆಚ್ಚು ಕಡಿಮೆ ಅಷ್ಟೆ. ದೇಶ ಬೇರೆ, ಆಟ ಬೇರೆ. ಮುಖಕ್ಕೆ ಬಂದು ಬಡಿಯುವ ವಸ್ತುವಿನ ತೂಕ ಮಾತ್ರ ಒಂದೇ!

ಆ ಪೆಟ್ಟಿನ ಬಲವೆಷ್ಟು? ಪ್ರೌಢಶಾಲೆಯ ಭೌತವಿಜ್ಞಾನವೇ ಸಾಕು. 160 ಗ್ರಾಂ ತೂಕದ ಚೆಂಡು ಸೆಕೆಂಡಿಗೆ 30 ಮೀಟರ್, ಎಂದರೆ ಗಂಟೆಗೆ 108 ಕಿಲೊಮೀಟರ್ ವೇಗದಿಂದ ಬಂದರೆ ಅದರ ಚಲನಶಕ್ತಿ 72 ಜೂಲ್. ಒಂದು ಕಿಲೊಗ್ರಾಂ ಕಲ್ಲನ್ನು ಏಳು ಮೀಟರಿಗೂ ಮಿಕ್ಕ ಎತ್ತರದ ಮಾಳಿಗೆಯಿಂದ ಕೈಬಿಟ್ಟರೆ ನೆಲ ಮುಟ್ಟುವಾಗ ಅದರಲ್ಲಿರುವ ಶಕ್ತಿ ಇಷ್ಟೆ. ಹಾಕಿಯ ಪೆನಾಲ್ಟಿ ಕಾರ್ನರಿನಲ್ಲಿ ನಿಪುಣರು ಇದಕ್ಕೂ ಹೆಚ್ಚು ವೇಗದಿಂದ ಹೊಡೆಯುತ್ತಾರೆ. ಪಕ್ಕು ಗಂಟೆಗೆ 160 ಕಿಲೊಮೀಟರನ್ನೂ ದಾಟುವುದುಂಟು. ಇದನ್ನು ತಡೆಯಬೇಕಾದ ನಮ್ಮ ಮುಖ ಎಂಥದು? ಹಣೆಯ ಎಲುಬು ಗಟ್ಟಿ, ನಿಜ. ಆದರೆ ಕಣ್ಣಿನ ಕುಳಿಯ ಒಳಮಗ್ಗುಲಿನ ಎಲುಬಿಗೆ ಶರೀರಶಾಸ್ತ್ರಜ್ಞರು ಇಟ್ಟ ಲ್ಯಾಟಿನ್ ಹೆಸರಿನ ಅರ್ಥವೇ ಕಾಗದದಂಥ ಹಾಳೆ ಎಂದು.

ಕವಚವು ಮಾಡುವ ಕೆಲಸ ಎರಡು. ಗಟ್ಟಿಯಾದ ಹೊರಚಿಪ್ಪು ಪೆಟ್ಟನ್ನು ಒಂದೇ ಬಿಂದುವಿನಿಂದ ವಿಶಾಲ ಸ್ಥಳಕ್ಕೆ ಹರಡುತ್ತದೆ. ಮುಖದ ಮುಂದಿನ ಪಂಜರವು ಮೂಗು ಕಣ್ಣುಗಳನ್ನು ಮುಟ್ಟದೆ ಆ ಭಾರವನ್ನು ಶಿರಸ್ತ್ರಾಣಕ್ಕೆ ಒಪ್ಪಿಸುತ್ತದೆ. ಒಳಗಿನ ಮೆತ್ತೆಯದು ಇನ್ನೂ ಸೂಕ್ಷ್ಮವಾದ ಕೆಲಸ. ಆಟಗಾರನೊಬ್ಬನು ಹಿಂದಕ್ಕೆ ಬಿದ್ದು ಅವನ ತಲೆ ಒಂದೂವರೆ ಮೀಟರ್ ಎತ್ತರದಿಂದ ನೆಲಕ್ಕೆ ಬಡಿಯಿತೆನ್ನಿ. ಬರಿಯ ತಲೆಯಾದರೆ ಸುಮಾರು 2 ಮಿಲಿಮೀಟರಿನೊಳಗೆ ನಿಂತುಬಿಡುತ್ತದೆ ಎಂದು ಇಟ್ಟುಕೊಳ್ಳೋಣ. ಆಗ ಅದರ ವೇಗ ತಗ್ಗುವ ದರ ಗುರುತ್ವದ 750 ಪಟ್ಟು. ನಡುವೆ ಮೆತ್ತೆಯಿದ್ದು ಅದು ಕುಗ್ಗುತ್ತ ತಲೆಯನ್ನು 20 ಮಿಲಿಮೀಟರಿನಲ್ಲಿ ನಿಲ್ಲಿಸಿದರೆ, ಅದೇ ದರ 75 ಪಟ್ಟಿಗೆ ಇಳಿಯುತ್ತದೆ. ಲೆಕ್ಕ ಸುಲಭ: ಬಿದ್ದ ಎತ್ತರವನ್ನು ನಿಂತ ದೂರದಿಂದ ಭಾಗಿಸಿದರೆ ಆಯಿತು. ಹದಿನೆಂಟು ಮಿಲಿಮೀಟರಿನ ಈ ಅಂತರದಲ್ಲಿ ಒಂದು ಜೀವ ಉಳಿಯಬಹುದು, ಹೋಗಬಹುದು.

ಇಷ್ಟು ಸರಳವಾದುದನ್ನು ಜಗತ್ತು ಸರಳವಾಗಿ ಒಪ್ಪಿತೆ? ಇಲ್ಲ. ಉತ್ತರ ಅಮೆರಿಕದ ಎನ್.ಎಚ್.ಎಲ್. ಎಂಬ ವೃತ್ತಿಪರ ಸಂಘದಲ್ಲಿ ಬಹುಕಾಲ ಗೋಲ್‌ಕೀಪರರು ಬರಿಮುಖದಿಂದಲೇ ನಿಲ್ಲುತ್ತಿದ್ದರು. 1959ರ ನವೆಂಬರ್ 1ರಂದು ನ್ಯೂಯಾರ್ಕಿನಲ್ಲಿ ಮಾಂಟ್ರಿಯಲ್ ತಂಡದ ಜಾಕ್ ಪ್ಲಾಂಟ್ ಅವರ ಮುಖವನ್ನು ಪಕ್ಕು ಸೀಳಿತು. ಹೊಲಿಗೆ ಹಾಕಿಸಿಕೊಂಡು ಬಂದ ಅವರು, ಗಾಜುನಾರಿನ ಮುಖವಾಡವಿಲ್ಲದೆ ಆಡುವುದಿಲ್ಲವೆಂದು ಹಟ ಹಿಡಿದರು. ತರಬೇತುದಾರರಿಗೆ ಅದು ಒಪ್ಪಿಗೆಯಾಗಿರಲಿಲ್ಲ. ಆದರೂ ತಂಡ ಆ ಪಂದ್ಯವನ್ನು ಗೆದ್ದಿತು. 1960ರಲ್ಲಿ ಸ್ಟ್ಯಾನ್ಲಿ ಕಪ್ಪನ್ನೂ ಗೆದ್ದಿತು. ಉಳಿದ ಆಟಗಾರರಿಗೆ ಬುದ್ಧಿ ಬರಲು ಇನ್ನೂ ಕಾಲ ಹಿಡಿಯಿತು. 1968ರ ಜನವರಿ 13ರಂದು ಬಿಲ್ ಮಾಸ್ಟರ್‌ಟನ್ ಎಂಬ ಆಟಗಾರರು ಬರಿದಲೆಯಿಂದ ಹಿಂದಕ್ಕೆ ಮಂಜುಗಡ್ಡೆಯ ಮೇಲೆ ಬಿದ್ದು, ಎರಡು ದಿನಗಳಲ್ಲಿ ತೀರಿಕೊಂಡರು. ಶಿರಸ್ತ್ರಾಣ ಕಡ್ಡಾಯವಾದದ್ದು 1979ರಲ್ಲಿ. ಅದೂ ಹೊಸಬರಿಗೆ ಮಾತ್ರ! ಹಳಬರಲ್ಲಿ ಕೊನೆಯವರಾದ ಕ್ರೇಗ್ ಮ್ಯಾಕ್‌ಟ್ಯಾವಿಶ್ 1997ರವರೆಗೂ ಬರಿದಲೆಯಲ್ಲೇ ಆಡಿದರು.

ಅವರೆಲ್ಲ ಅವಿವೇಕಿಗಳೆ? ಈ ಪ್ರಶ್ನೆಯನ್ನು ಕೈಗೆತ್ತಿಕೊಂಡವರು ವೈದ್ಯರಲ್ಲ, ಒಬ್ಬ ಅರ್ಥಶಾಸ್ತ್ರಜ್ಞರು. ಮುಂದೆ 2005ರಲ್ಲಿ ನೊಬೆಲ್ ಪ್ರಶಸ್ತಿ ಪಡೆದ ಥಾಮಸ್ ಶೆಲಿಂಗ್ 1973ರಲ್ಲಿ ಹಾಕಿಯ ಶಿರಸ್ತ್ರಾಣಗಳ ಬಗೆಗೇ ಒಂದು ಪ್ರಬಂಧ ಬರೆದರು. ಅವರ ವಾದದ ತಿರುಳನ್ನು ನನ್ನ ಮಾತಿನಲ್ಲಿ ಹೇಳುವುದಾದರೆ ಹೀಗೆ: ಒಬ್ಬನೇ ಶಿರಸ್ತ್ರಾಣ ತೊಟ್ಟರೆ ಅವನಿಗೆ ನೋಟ ಕೊಂಚ ಕುಗ್ಗೀತು, ಜೊತೆಯವರು ಅಂಜುಬುರುಕನೆಂದು ನಕ್ಕಾರು. ಆದುದರಿಂದ ಪ್ರತಿಯೊಬ್ಬನೂ ತಾನಾಗಿ ತೊಡಲೊಲ್ಲ. ಆದರೆ ಎಲ್ಲರೂ ತೊಡಬೇಕೆಂಬ ನಿಯಮಕ್ಕೆ ಗುಟ್ಟಾಗಿ ಮತ ಕೇಳಿದರೆ, ಅದೇ ಆಟಗಾರರು ಬೇಕೆಂದೇ ಹೇಳಿಯಾರು. ನಿಯಮವಿದ್ದಲ್ಲಿ ನಾಚಿಕೆಯ ಪ್ರಶ್ನೆಯೇ ಏಳುವುದಿಲ್ಲ. ಎಲ್ಲರ ನೋಟವೂ ಸಮನಾಗಿ ಕುಗ್ಗುವುದರಿಂದ ಯಾರಿಗೂ ನಷ್ಟವಿಲ್ಲ.

ನಮ್ಮ ಹುಡುಗರ ವಿಷಯದಲ್ಲಿ ನನಗೆ ಮುಖ್ಯವಾಗಿ ಕಾಣುವುದು ಈ ಮಾತು. 1998ರ ಫೆಬ್ರವರಿಯಲ್ಲಿ ಢಾಕಾದಲ್ಲಿ ಭಾರತದ ರಮಣ್ ಲಾಂಬಾ ಬ್ಯಾಟುಗಾರನಿಗೆ ತೀರ ಹತ್ತಿರದಲ್ಲಿ ಬರಿದಲೆಯಲ್ಲಿ ನಿಂತಿದ್ದರು. ಓವರಿನಲ್ಲಿ ಕೆಲವೇ ಎಸೆತಗಳು ಉಳಿದಿವೆ, ಅಷ್ಟಕ್ಕೆ ಶಿರಸ್ತ್ರಾಣವೇಕೆಂದು ಅವರು ಬೇಡವೆಂದರೆಂದು ವರದಿಯಾಯಿತು. ಚೆಂಡು ತಲೆಗೆ ಬಡಿಯಿತು. ಮೂರು ದಿನಗಳಲ್ಲಿ ಅವರು ಇಲ್ಲವಾದರು. ಅನುಭವಿಯಾದ ಆಟಗಾರರೇ ಹೀಗೆ ಎಣಿಸಿದಾಗ, ಹದಿನಾಲ್ಕರ ಹುಡುಗನು ಬೇರೆ ರೀತಿ ಎಣಿಸಲೆಂದು ಬಯಸುವುದು ನ್ಯಾಯವಲ್ಲ. ನಮ್ಮ ಅನಿಲ್ ಕುಂಬ್ಳೆ 2002ರಲ್ಲಿ ಆಂಟಿಗುವಾದಲ್ಲಿ ದವಡೆ ಮುರಿದಿದ್ದರೂ ಮುಖಕ್ಕೆ ಪಟ್ಟಿ ಸುತ್ತಿಕೊಂಡು 14 ಓವರ್ ಎಸೆದು ಲಾರಾ ಅವರನ್ನು ಔಟು ಮಾಡಿದ ಕಥೆಯನ್ನು ನಾವೆಲ್ಲ ಹೆಮ್ಮೆಯಿಂದ ಹೇಳುತ್ತೇವೆ. ಹೇಳಬೇಕಾದುದೇ. ಆದರೆ ನಾವು ಗಾಯವನ್ನು ಕೊಂಡಾಡುವಷ್ಟು ಆಸಕ್ತಿಯಿಂದ ಕವಚವನ್ನು ಕುರಿತು ಮಾತಾಡುವುದಿಲ್ಲ. ಹುಡುಗರು ಅದನ್ನೂ ಗಮನಿಸುತ್ತಾರೆ.

ಆಕ್ಷೇಪಣೆಗಳಿಲ್ಲದಿಲ್ಲ. ಶಿರಸ್ತ್ರಾಣವಿದ್ದರೂ ಮೆದುಳು ತಲೆಬುರುಡೆಯೊಳಗೆ ತಿರುಚಿ ಅಲುಗಾಡುವುದು ಪೂರ್ತಿ ನಿಲ್ಲುವುದಿಲ್ಲ, ಇದು ನಿಜ. 2014ರ ನವೆಂಬರಿನಲ್ಲಿ ಆಸ್ಟ್ರೇಲಿಯದ ಫಿಲಿಪ್ ಹ್ಯೂಸ್ ಅವರು ಶಿರಸ್ತ್ರಾಣ ತೊಟ್ಟಿದ್ದರೂ ಕುತ್ತಿಗೆಗೆ ಬಿದ್ದ ಪೆಟ್ಟಿನಿಂದ ಮೃತರಾದರು. ಅಲ್ಲಿನವರು ಇದರಿಂದ ಶಿರಸ್ತ್ರಾಣ ವ್ಯರ್ಥವೆಂದು ತಿಳಿಯಲಿಲ್ಲ, ಅದಕ್ಕೆ ಕುತ್ತಿಗೆಯ ರಕ್ಷೆಯನ್ನು ಸೇರಿಸಿದರು. 2023ರಲ್ಲಿ ಕಡ್ಡಾಯವನ್ನೂ ಮಾಡಿದರು. ನಮ್ಮ ಬಿಸಿಲಿನಲ್ಲಿ ಸೆಖೆಯಾಗುವುದೆಂಬ ದೂರೂ ಉಂಟು. ತಂತಿಯ ಪಂಜರದಲ್ಲಿ ಗಾಳಿಯಾಡುತ್ತದೆ, ಉಳಿದದ್ದನ್ನು ಸಹಿಸಬೇಕು. ಖರ್ಚಿನ ಮಾತು ಮಾತ್ರ ಗಟ್ಟಿಯಾದುದು. ಹಳ್ಳಿಯ ಶಾಲೆಯೊಂದು ಹನ್ನೊಂದು ಶಿರಸ್ತ್ರಾಣ ಕೊಳ್ಳಲಾರದು. ಆದರೆ ಅಗತ್ಯವಿರುವುದು ಹನ್ನೊಂದಲ್ಲ. ಕ್ರಿಕೆಟಿನಲ್ಲಿ ಇಬ್ಬರು ಬ್ಯಾಟುಗಾರರು, ವಿಕೆಟ್ ಕೀಪರ್, ಹತ್ತಿರದ ಕ್ಷೇತ್ರರಕ್ಷಕ, ಹಾಕಿಯಲ್ಲಿ ಗೋಲ್‌ಕೀಪರ್. ನಾಲ್ಕು ಮತ್ತು ಒಂದು.

ಆದುದರಿಂದ ತಾಲ್ಲೂಕು, ಜಿಲ್ಲಾ ಮಟ್ಟದ ಶಾಲಾ ಕ್ರೀಡಾಕೂಟಗಳನ್ನು ನಡೆಸುವವರಲ್ಲಿ ನನ್ನ ಬೇಡಿಕೆ ಇದು: ಈ ಸ್ಥಾನಗಳಲ್ಲಿ ಪಂಜರವಿರುವ ಶಿರಸ್ತ್ರಾಣವಿಲ್ಲದ ತಂಡಕ್ಕೆ ಗಟ್ಟಿ ಚೆಂಡಿನ ಆಟವಿಲ್ಲವೆಂದು ನಿಯಮ ಮಾಡಿರಿ, ಮತ್ತು ಬಡ ಶಾಲೆಗಳಿಗಾಗಿ ಕೂಟದ ಸ್ಥಳದಲ್ಲಿಯೇ ಒಂದು ಜೊತೆ ಸಾಮಾನು ಇರಿಸಿರಿ. ಅಲ್ಲಿಯವರೆಗೆ ಎರೆಯ ಬಯಲಿನಲ್ಲಿ ಟೆನಿಸ್ ಚೆಂಡಿನಿಂದ ಆಡುವುದರಲ್ಲಿ ಅವಮಾನವೇನಿಲ್ಲ. ಕೊಳ್ಳುವವರು ಪಂಜರದ ಸಂದಿಯಲ್ಲಿ ಚೆಂಡನ್ನು ಒತ್ತಿ ನೋಡಬೇಕು. ಅದು ಒಳನುಸುಳಿ ಮುಖ ಮುಟ್ಟುವಂತಿದ್ದರೆ ಆ ಸಾಮಾನನ್ನು ಅಂಗಡಿಯಲ್ಲೇ ಬಿಟ್ಟು ಬರುವುದು ಲೇಸು. ಚಿಪ್ಪು ಬಿರಿದ, ಮೆತ್ತೆ ಕುಗ್ಗಿ ಗಟ್ಟಿಯಾದ ಹಳೆಯ ಶಿರಸ್ತ್ರಾಣವನ್ನು ಕಿರಿಯರಿಗೆ ದಾಟಿಸಬಾರದು.

ಇನ್ನು ನಮ್ಮ ಚಿಣಿಫಣಿ, ದಕ್ಷಿಣದವರ ಚಿನ್ನಿದಾಂಡು. ಕ್ರಿಕೆಟ್ ಚೆಂಡು ಕಣ್ಣಿನ ಕುಳಿಗಿಂತ ದೊಡ್ಡದಾದ್ದರಿಂದ ಕುಳಿಯ ಅಂಚಿನ ಎಲುಬು ಅದರ ಪೆಟ್ಟನ್ನು ಒಂದಿಷ್ಟು ತಾಳುತ್ತದೆ. ಎರಡು ತುದಿ ಚೂಪಾದ ಚಿಣಿಯಾದರೋ ನೇರವಾಗಿ ಗುಡ್ಡೆಗೇ ಬಡಿಯುತ್ತದೆ. ಇದಕ್ಕೆ ಪಂಜರ ಬೇಕಿಲ್ಲ. ಹಿಡಿಯಲು ನಿಂತವರು ಒಡೆಯದ ಪಾಲಿಕಾರ್ಬನೇಟಿನ ರಕ್ಷಣಾ ಕನ್ನಡಕ ಧರಿಸಬೇಕು, ಚಿಣಿಯ ತುದಿಗಳನ್ನು ಸ್ವಲ್ಪ ಮೊಂಡಾಗಿ ಕೆತ್ತಬೇಕು. ಅಷ್ಟರಿಂದ ಚಿಣಿ ಹಾರುವುದೇನೂ ನಿಲ್ಲದು.